ಆರು ಹತ್ತಕ್ಕೆ ಬಂದ ಮೇಲ್

ದುರ್ಗೇಶನಿಗೆ ಯುವರಾಜನನ್ನು ಕೊಲ್ಲಬೇಕು ಅನ್ನಿಸಿದ್ದು ಅವನು ಬೈದದ್ದಕ್ಕಲ್ಲ, ನಕ್ಕದ್ದಕ್ಕೆ. ಬೈದಿದ್ದರೆ ತಿರುಗಿ ಬೈದು ಮನೆಗೆ ಹೋಗಬಹುದಿತ್ತು.

“ಪುಣೆದವರು ನನ್ನ ಡಿಸೈನ್ ಭಾಳ ಮೆಚ್ಚ್ಯಾರ. ವೆಬ್‌ಸೈಟು, ಗಿರಾಕಿ ಪಟ್ಟಿ ಎಲ್ಲಾ ಅವರಿಗೆ ಕೊಟ್ಟು ನಾ ಅವರ ಕಡೆ ಹೊಂಟೇನಿ. ಬ್ಯಾಸರ ಮಾಡ್ಕೋಬ್ಯಾಡ ದುರ್ಗೇಶಣ್ಣ. ಮಾರೂದೇನು, ಯಾರರ ಮಾರತಾರ,” ಅಂದು ನಕ್ಕಿದ್ದ ಯುವರಾಜ, ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ.

ಯಾರಾದರೂ ಮಾರುತ್ತಾರಂತೆ! ಮೂರು ವರ್ಷದ ಹಿಂದೆ, 2005ರಲ್ಲಿ, ಇದೇ ಯುವರಾಜ ಬ್ಯಾಡಗಿಯ ಮನೆಯಲ್ಲಿ ಕೂತು ಮದುವೆ ಆಲ್ಬಮ್ಮಿನ ಪುಟಗಳನ್ನು ಕಂಪ್ಯೂಟರಿನಲ್ಲಿ ಮಾಡಿ ಮಾಡಿ ಇಡುತ್ತಿದ್ದ. ಹೂವಿನ ಚೌಕಟ್ಟು, ಮಂಟಪ, ಜೋಡಿ ಹಂಸ. ಸ್ಟುಡಿಯೋದವರು ಅದರೊಳಗೆ ಮದುಮಕ್ಕಳ ಫೋಟೋ ಕೂರಿಸಿದರೆ ಆಲ್ಬಮ್ ಸಿದ್ಧ. ಚಂದವಿತ್ತು, ನೋಡುವವರಿರಲಿಲ್ಲ. ಇದನ್ನು ಇಂಟರ್ನೆಟ್ಟಿನಲ್ಲಿ ಮಾರಬಹುದು ಅಂದವನು ದುರ್ಗೇಶ. ಎಲ್ಲರಿಗೂ ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ ಎಂದು ಅರಿತವನೂ ಅವನೇ. ದೊಡ್ಡ ಊರಿನ ಸ್ಟುಡಿಯೋಗೆ ತನ್ನದೇ ಡಿಸೈನರ್ ಇರುತ್ತಾನೆ, ಹಳ್ಳಿಯವನಿಗೆ ಕಂಪ್ಯೂಟರೇ ಇಲ್ಲ. ಬೇಕಾದವನು ನಡುವಿನವನು: ತಾಲೂಕು ಊರಿನಲ್ಲಿ ಒಂದೇ ಕಂಪ್ಯೂಟರ್ ಇಟ್ಟುಕೊಂಡು, ಮೇ ತಿಂಗಳಲ್ಲಿ ಇಪ್ಪತ್ತು ಮದುವೆ ಹಿಡಿದು, ಆಲ್ಬಮ್ ಕೊಡಲಾಗದೆ ಬೀಗರ ಬೈಗುಳ ತಿನ್ನುವವನು. ಅಂಥವನಿಗೆ ದುರ್ಗೇಶ ಬರೆಯುತ್ತಿದ್ದ ಮೇಲ್ ರಿಯಾಯಿತಿಯ ಮಾತಿನಿಂದ ಶುರುವಾಗುತ್ತಿರಲಿಲ್ಲ. “ಹುಡುಗಿಯ ಅಪ್ಪ ಇವತ್ತೂ ಬಂದಿದ್ದನೇ?” ಎಂದು ಶುರುವಾಗುತ್ತಿತ್ತು. ಮೊದಲು ಐದು ಪುಟ ಬಿಟ್ಟಿ. ರುಚಿ ಹತ್ತಿದ ಮೇಲೆ ಪೂರ್ತಿ ಕಟ್ಟು.

ಹೀಗೆ ಮೂರು ಸಾವಿರ ಸ್ಟುಡಿಯೋಗಳು. ಒಂದೊಂದು ವಿಳಾಸವನ್ನೂ ಅವನು ಬೋರ್ಡು, ಜಾಹೀರಾತು, ಲಗ್ನಪತ್ರಿಕೆಗಳಿಂದ ಹೆಕ್ಕಿದ್ದ. ಯಾರು ಬೆಳಿಗ್ಗೆ ಮೇಲ್ ನೋಡುತ್ತಾರೆ, ಯಾರು ಊಟದ ನಂತರ ಎಂಬುದೂ ಅವನಿಗೆ ಬಾಯಿಪಾಠ. ಆದರೆ ವೆಬ್‌ಸೈಟು ಯುವರಾಜನ ಹೆಸರಿನಲ್ಲಿತ್ತು. ಗೆಳೆತನದಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ? ಗೆದ್ದಲು ಕಟ್ಟಿದ ಹುತ್ತಕ್ಕೆ ಈಗ ಹಾವು ಬಂದಿತ್ತು. ದೀಪಾವಳಿಗೆ ಪುಣೆಯವರಿಗೆ ಸಹಿ ಬಿದ್ದರೆ ದುರ್ಗೇಶ ಯಾರೂ ಅಲ್ಲ. ಯುವರಾಜ ಸತ್ತರೆ ಸಹಿ ಹಾಕುವ ಕೈಯೇ ಇಲ್ಲ, ವೆಬ್‌ಸೈಟು, ಮೇಲ್ ಎರಡರ ಪಾಸ್‌ವರ್ಡ್ ಮಾತ್ರ ದುರ್ಗೇಶನ ಬಳಿ ಉಳಿಯುತ್ತದೆ.

ಆ ರಾತ್ರಿಯೇ ಅವನು ಕಣ್ಣು ಮುಚ್ಚಿದಾಗ ಯುವರಾಜನ ಹಿಂದಲೆ ಕಂಡಿತು. ಅದು ಒಡೆದ ಸದ್ದೂ ಕೇಳಿಸಿತು. ಅವನಿಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು.

ಕೊಲೆಯನ್ನೂ ಅವನು ಮಾರಾಟದಂತೆಯೇ ಯೋಚಿಸಿದ. ಯಾರನ್ನು ನಂಬಿಸಬೇಕು? ಊರನ್ನಲ್ಲ, ಒಬ್ಬ ಇನ್ಸ್‌ಪೆಕ್ಟರನ್ನು. ಅವನಿಗೆ ಏನು ಬೇಕು? ಒಂದು ಹೊತ್ತು, ಒಬ್ಬ ಅಪರಾಧಿ. ಎರಡನ್ನೂ ಕೊಡೋಣ.

ದಿನ ತಾನಾಗಿ ಒದಗಿತು: ಮಹಾನವಮಿ, ಖಂಡೇ ಪೂಜೆ ಎನ್ನುವ ಆಯುಧಪೂಜೆ. ಮಧ್ಯಾಹ್ನ ಅಂಗಡಿಗಳೆಲ್ಲ ಬಂದ್, ಜನರೆಲ್ಲ ಹೋಳಿಗೆಯ ಮುಂದೆ. ಯುವರಾಜನ ತಾಯಿ ದೇವವ್ವ ಪ್ರತಿ ವರ್ಷ ಆ ದಿನ ಬೆಳಿಗ್ಗೆಯೇ ಕದರಮಂಡಲಗಿಯ ತಂಗಿಯ ಮನೆಗೆ ಹೋಗಿ, ಹಣಮಪ್ಪನಿಗೆ ಕಾಯಿ ಒಡೆಸಿ, ಮರುದಿನ ಬರುತ್ತಾಳೆ. ದುರ್ಗೇಶನ ಹೆಂಡತಿ ಕಾವೇರಿ ಮುಂಜಾನೆಯೇ ಹಾವೇರಿಯ ತವರಿಗೆ ಹೋಗುತ್ತಾಳೆ. ಅಲ್ಲಿ ಅವಳ ತಮ್ಮ ಮೈಲೇಶನ ಗ್ಯಾರೇಜಿನಲ್ಲಿ ಸಂಜೆ ದೊಡ್ಡ ಪೂಜೆ, ನಲವತ್ತು ಜನ. ದುರ್ಗೇಶ ನಾಲ್ಕಕ್ಕೆ ಅಲ್ಲಿರುತ್ತಾನೆ, ಬೆಳಗಾಗುವ ತನಕ ಕದಲುವುದಿಲ್ಲ. ಯುವರಾಜ ಮಾತ್ರ ಪೊಲೀಸರ ಲೆಕ್ಕದಲ್ಲಿ ಸಂಜೆ ಆರರವರೆಗೆ ಬದುಕಿರಬೇಕು.

ಗಿರಾಕಿಗಳಿಗೆ ಮೇಲ್ ಕಳಿಸಲು ಅವರು ಬಳಸುತ್ತಿದ್ದ ಸೇವೆಯಲ್ಲಿ ಒಂದು ಸೌಕರ್ಯವಿತ್ತು. ಇವತ್ತು ಬರೆದಿಟ್ಟು, ಯಾವ ದಿನ ಯಾವ ಗಂಟೆಗೆ ಹೋಗಬೇಕೆಂದು ಹೇಳಿದರೆ ಸಾಕು. ಯುವರಾಜನ ಹೆಸರಿನಲ್ಲಿ ದುರ್ಗೇಶ ಎರಡು ಮೇಲ್ ಬರೆದ. ಒಂದು ಗೋಕಾಕದ ಸ್ಟುಡಿಯೋ ಕೇಳಿದ್ದ ಪ್ರಶ್ನೆಗೆ ಉತ್ತರ, ಐದೂ ನಲವತ್ತಕ್ಕೆ. ಇನ್ನೊಂದು ತನಗೇ, ಆರೂ ಹತ್ತಕ್ಕೆ: “ಪುಣೆದವರು ಕಾರು ತೊಗೊಂಡು ಬಂದಾರ. ಅವರ ಕೂಡ ಹೊಂಟೇನಿ. ನಾಳೆ ಮಾತಾಡೂಣು...” ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಎಲ್ಲ ಸಣ್ಣಕ್ಷರ, ಕೊನೆಗೆ ಮೂರು ಚುಕ್ಕಿ, ಥೇಟ್ ಯುವರಾಜನಂತೆ. ಹೋದ ವರ್ಷ ಇದೇ ಹಬ್ಬದ ಸಂಜೆ ಯುವರಾಜ ನಾಲ್ಕು ಮೇಲ್ ಕಳಿಸಿದ್ದನ್ನೂ ಅವನು ಹಳೆಯದರಲ್ಲಿ ಹುಡುಕಿ ನೋಡಿಕೊಂಡ. ಎಲ್ಲವೂ ಒಪ್ಪವಾಗಿತ್ತು.

ಹಬ್ಬದ ಮುನ್ನಾದಿನ ಬ್ಯಾಡಗಿಗೆ ಹೋಗಿ ಗೆಳೆಯನ ಕೈ ಹಿಡಿದ. “ಆಗಿದ್ದು ಆತು ತಮ್ಮಾ. ನಾಳೆ ಐರಣಿ ಹೊಳಿ ಕಡೆ ಹೋಗಿ ಉಂಡು, ಮಾತಾಡಿ, ಮನಸ್ಸು ಹಗರ ಮಾಡ್ಕೊಂಡು ಬರೂಣು. ನಮ್ಮಿಬ್ಬರ ನಡುವ ಹುಳಿ ಹಿಂಡಾವರು ಭಾಳ ಮಂದಿ ಅದಾರ, ಯಾರ ಮುಂದೂ ಹೇಳಬ್ಯಾಡ.” ಯುವರಾಜನ ಕಣ್ಣು ತುಂಬಿಬಂದವು. ಮೂರ್ಖ.

ಮಹಾನವಮಿಯ ದಿನ ಹನ್ನೆರಡೂ ಕಾಲಿಗೆ ಯುವರಾಜನನ್ನು ರಾಣೆಬೆನ್ನೂರಿನ ಬೈಪಾಸಿನಲ್ಲಿ ಬೈಕಿಗೆ ಹತ್ತಿಸಿಕೊಂಡ. ತನ್ನ ಮೊಬೈಲು ಮನೆಯಲ್ಲಿತ್ತು. ಯುವರಾಜನದನ್ನು, ನಡುವೆ ರಗಳೆ ಬೇಡವೆಂದು ಬಂದ್ ಮಾಡಿಸಿದ. ಹೊಳೆಯ ದಂಡೆಯಲ್ಲಿ ನರಪಿಳ್ಳೆಯಿರಲಿಲ್ಲ. ಯುವರಾಜ ಹೋಳಿಗೆ ತಿಂದು, ಕೈ ತೊಳೆಯಲು ನೀರಿಗೆ ಬಾಗಿದ.

“ಖರೇ ಹೇಳತೇನಿ ಅಣ್ಣಾ, ನಿನ್ನ ಬಿಟ್ಟು ಹೋಗಾಕ ನನಗೂ...”

ಕಬ್ಬಿಣದ ಪೈಪು ಮಾತನ್ನು ಅಲ್ಲೇ ಕತ್ತರಿಸಿತು. ಮೊದಲ ಏಟಿಗೆ ಯುವರಾಜ ಮೊಣಕಾಲೂರಿದ. ಎರಡನೆಯದಕ್ಕೆ ಹೊರಳಿ, ಯಾಕೆಂದು ಕೇಳುವವನಂತೆ ನೋಡಿದ. ಬಾಯಿ ತುಂಬ ರಕ್ತವಿತ್ತು, ಒಂದು ಕೈ ದುರ್ಗೇಶನ ಪ್ಯಾಂಟು ಹಿಡಿಯಿತು. “ಯಾರರ ಮಾರತಾರಂತ, ಹೌದಲ್ಲೋ?” ಎನ್ನುತ್ತ ದುರ್ಗೇಶ ಮೂರನೆಯದನ್ನು ಕೊಟ್ಟ, ನಾಲ್ಕನೆಯದನ್ನು ಕೊಟ್ಟ. ಐದನೆಯದು ಬೇಕಿರಲಿಲ್ಲ, ಅದನ್ನು ತನ್ನ ಸಂತೋಷಕ್ಕೆ ಕೊಟ್ಟ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೆಣವನ್ನು ಸೆಳವಿಗೆ ನೂಕಿದ. ಪೈಪು, ಮೊಬೈಲು ಹಿಂದೆಯೇ ಹೋದವು. ಕೆಂಪಾದ ನೀರು ತಿಳಿಯಾಗುವ ತನಕ ಕಾದು ನೋಡಿದ.

ರಾಣೆಬೆನ್ನೂರಿನ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಬಟ್ಟೆಗಳನ್ನು ಹಂಡೆಯ ಒಲೆಗೆ ತುರುಕಿದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಹಾವೇರಿಯ ಗ್ಯಾರೇಜಿನಲ್ಲಿದ್ದ. ಕುಂಬಳಕಾಯಿ ತಾನೇ ಒಡೆಯುತ್ತೇನೆಂದು ಹಟ ಹಿಡಿದು ಒಡೆದ. ಒಂದೇ ಏಟಿಗೆ ಎರಡು ಹೋಳು.

ದಶಮಿಯ ಸಂಜೆ ಬನ್ನಿ ಹಿಡಿದು ಬ್ಯಾಡಗಿಗೆ ಹೋದ. ದೇವವ್ವ ಕಟ್ಟೆಯ ಮೇಲೆ ದಾರಿ ನೋಡುತ್ತ ಕೂತಿದ್ದಳು.

“ಬನ್ನಿ ತೊಗೊಂಡು ಬಂಗಾರದಂಗ ಇರೂಣು ಅವ್ವಾ,” ಎಂದು ಅವಳ ಕಾಲು ಮುಟ್ಟಿದ.

“ಬಂಗಾರದಂಗ ಇರು ಮಗನ. ನಿನ್ನ ಗೆಳ್ಯಾ ಎಲ್ಲಿ ಹೋಗ್ಯಾನೋ? ಹಬ್ಬದ ದಿನ ಒಂದು ಫೋನರ ಮಾಡಬಾರದ?”

ಮರುದಿನ ಐರಣಿಯ ಕೆಳಗೆ ಹೆಣ ಸಿಕ್ಕಿತು. ಎರಡು ದಿನ ನೀರಿನಲ್ಲಿ ಉಬ್ಬಿದ್ದರಿಂದ ಸತ್ತ ಹೊತ್ತು ಖಚಿತವಿಲ್ಲ ಎಂದರು ಡಾಕ್ಟರು. ಇನ್ಸ್‌ಪೆಕ್ಟರ್ ಫಕ್ರುದ್ದೀನ ಮೆಲುದನಿಯ ಮನುಷ್ಯ. ದುರ್ಗೇಶ ಅಳುತ್ತಲೇ ಆರೂ ಹತ್ತರ ಮೇಲ್ ತೋರಿಸಿದ.

“ಇದನ್ನ ಬ್ಯಾರೆ ಯಾರರ ಬರದಿರಬಹುದಲ್ರಿ?”

ಈ ಪ್ರಶ್ನೆಗೆ ಉತ್ತರ ತಿಂಗಳ ಹಿಂದೆಯೇ ಸಿದ್ಧವಿತ್ತು. “ಸಾಧ್ಯ ಇಲ್ರಿ ಸಾಹೇಬ್ರ. ಪಾಸ್‌ವರ್ಡ್ ಅವಂಗ ಮತ್ತ ನನಗ ಅಷ್ಟ ಗೊತ್ತು. ನಾ ಹಾವೇರ್‍ಯಾಗ ಪೂಜ್ಯಾಗ ಇದ್ದೆ. ಸೈಬರ್ ಕೆಫೆಕ್ಕ ಅವ ಕಾಲಿಡಾಂವಲ್ಲ. ಮನ್ಯಾಗಿನ ತನ್ನ ಕಂಪ್ಯೂಟರಿಂದನ ಕಳಿಸ್ಯಾನ್ರಿ.”

ಫಕ್ರುದ್ದೀನ ಅದನ್ನು ಹಾಗೆಯೇ ಬರೆಸಿ, ಸಹಿ ಹಾಕಿಸಿಕೊಂಡ. “ಹಂಗಾರ ಆ ಕಂಪ್ಯೂಟರ್ ಒಂದ್ಸಲ ನೋಡೂಣು ಬರ್ರಿ,” ಎಂದ. ದುರ್ಗೇಶನೇ ಮುಂದಾಗಿ ಜೀಪು ಹತ್ತಿದ.

ಯುವರಾಜನ ಮೇಜಿನ ಮೇಲೆ ಕಂಪ್ಯೂಟರ್ ಇರಲಿಲ್ಲ, ಕಿತ್ತ ವೈರುಗಳು ಜೋತಾಡುತ್ತಿದ್ದವು. ದೇವವ್ವ ಸೊಂಟದಿಂದ ಕೀಲಿಕೈ ತೆಗೆದು ದೇವರ ಖೋಲಿಯ ಬಾಗಿಲು ತೆರೆದಳು. ಜಗುಲಿಯ ಮುಂದೆ ಕುಡಗೋಲು, ಈಳಿಗೆಗಳ ಸಾಲಿನಲ್ಲಿ ಕಂಪ್ಯೂಟರ್ ಕೂತಿತ್ತು, ಮೈತುಂಬ ವಿಭೂತಿ, ಒಣಗಿದ ಚೆಂಡುಹೂವು. “ನವಮಿ ದಿನ ಮುಂಜಾನೆ ತಾನ ವೈರು ಕಿತ್ತು ತಂದು ಪೂಜಿಗಿಟ್ಟಾನ್ರಿ,” ಎಂದಳು ಮುದುಕಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. “ಹ್ವಾದ ವರ್ಷ ಬನ್ನಿ ಮುಡಿಯೂಕಿಂತ ಮೊದಲ ಎತ್ತಿ ಕೆಲಸಕ್ಕ ಹಚ್ಚಿಬಿಟ್ಟಿದ್ದ, ಕೇಡು ಆಕ್ಕೈತಿ ಅಂತ ಜಗಳಾಡಿದ್ದೆ. ಅದಕ್ಕ ಈ ಸಲ ನಾನ ಕೀಲಿ ಜಡದು, ಕೀಲಿಕೈ ಕದರಮಂಡಲಗಿಗೆ ಒಯ್ದಿದ್ನಿರಿ.”