ಬಣ್ಣ ಬಳಿಯುವ ಮೊದಲು

“ಈ ಮನೆ ಆಗಲೇ ಹೋಯ್ತು, ಟೀಚರ್!”

ಮಾತು ಬಂದದ್ದು ಏಣಿಯ ತುದಿಯಿಂದ. ಮಕ್ಕಳ ಪುಸ್ತಕದ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದವಳು ತಲೆಯೆತ್ತಿದಳು. ಬಣ್ಣದವನು ಕುಂಚ ಹಿಡಿದು ಕೆಳಗೆ ನೋಡುತ್ತಿದ್ದ.

“ಹೋಯ್ತಾ? ಬಾಡಿಗೆಗಿದೆ ಅಂತ ಹೊರಗೆ ಬೋರ್ಡ್ ಇದೆಯಲ್ಲ!”

“ತೆಗೆಯೋದು ಮರೆತಿದಾರೆ.”

ಅವನ ಕಣ್ಣು ಅವಳ ಮೇಲಿರಲಿಲ್ಲ. ಅವಳ ಹಿಂದೆ, ಬಾಗಿಲಿಗೆ ಒರಗಿ ಉಸಿರಿಗಾಗಿ ಹೆಣಗುತ್ತಿದ್ದ ಅಮ್ಮನ ಮೇಲಿತ್ತು. ಸರಸರನೆ ಇಳಿದು ಬಂದವನು ಖಾಲಿ ಡಬ್ಬವೊಂದನ್ನು ಬೋರಲು ಹಾಕಿ, “ಕೂತ್ಕೊಳ್ಳಿ ಅಮ್ಮಾ” ಎಂದ.

‘ಮನೆ ಕೊಡದವನ ಉಪಚಾರ ಯಾರಿಗೆ ಬೇಕು!’ ಅವಳು ಒಳಗೇ ಸಿಡುಕಿದಳು.

ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಈಗಿರುವ ಮನೆಯನ್ನು ಮಾಲೀಕರ ಮಗನ ಮದುವೆಗೆಂದು ತಿಂಗಳ ಕೊನೆಯೊಳಗೆ ಬಿಡಬೇಕಿತ್ತು. ಶಾಲೆ ಮುಗಿದೊಡನೆ ಬೀದಿಬೀದಿ ಸುತ್ತುವುದೇ ಅವಳ ಕೆಲಸವಾಯಿತು. ಒಬ್ಬರು “ಗಂಡಸರಿಲ್ಲದ ಮನೆಗೆ ಕೊಡಲ್ಲ” ಎಂದರು. ಇನ್ನೊಬ್ಬರು ಅಮ್ಮನ ಕೆಮ್ಮು ಕೇಳಿ ಬಾಗಿಲು ಹಾಕಿಕೊಂಡರು. ಮನೆ ಕಟ್ಟಿ ನೋಡು ಎಂದ ಹಿರಿಯರು ಬಾಡಿಗೆ ಮನೆ ಹುಡುಕಿ ನೋಡಿರಲಿಲ್ಲವೇನೋ!

“ದೇವರು ನಮಗೂ ನಾಲ್ಕು ಗೋಡೆ ಇಟ್ಟೇ ಇರ್ತಾನೆ ಮಗಳೇ,” ಅಮ್ಮ ಎನ್ನುತ್ತಿದ್ದಳು.

“ಎಲ್ಲಿ ಇಟ್ಟಿದಾನೆ ಅಂತ ವಿಳಾಸನೂ ಕೊಡ್ಲಿ ಅಮ್ಮ!”

ವಾರದ ನಂತರ ಎರಡನೆಯ ಮನೆ. ಒಳಗೆ ಅದೇ ಬಣ್ಣದವನು! “ಇದೂ ಹೋಯ್ತು ಟೀಚರ್...” ಮತ್ತೆ ನಾಲ್ಕು ದಿನಕ್ಕೆ ಮೂರನೆಯದು. ಅಲ್ಲಿಯೂ ಅವನೇ, ಅದೇ ಮಾತು. ಮೂರೂ ಮನೆ ಒಬ್ಬರದೇ ಆಗಿದ್ದವು. ಮಾಲೀಕರು ದೂರವಿದ್ದರು, ಕೀಲಿ ಇವನ ಕೈಯಲ್ಲಿತ್ತು.

ತಿಂಗಳು ಮುಗಿಯಲು ಐದು ದಿನ ಉಳಿದಿದ್ದಾಗ ಅವಳು ಅದೇ ದಾರಿಯಲ್ಲಿ ಬಂದಳು. ಮೂರನೆಯ ಮನೆಯ ಬೋರ್ಡ್ ಹಾಗೆಯೇ ತೂಗುತ್ತಿತ್ತು. ದಡದಡನೆ ಮೆಟ್ಟಿಲೇರಿದಳು.

ಅವನು ಗೋಡೆ ಕೆರೆಯುತ್ತಿದ್ದ. ತಿಳಿಹಳದಿ ಬಣ್ಣದಡಿಯಿಂದ ಕಪ್ಪು ಬೂಷ್ಟು ಇಣುಕಿತ್ತು. ಹಸಿ ವಾಸನೆ ಮೂಗಿಗೆ ಬಡಿಯಿತು.

“ಯಾರೂ ಬಂದಿಲ್ಲ ಇಲ್ಲಿಗೆ... ಅಲ್ವಾ?”

ಅವನ ಕೈ ನಿಂತಿತು. “ಇಲ್ಲ.”

“ಆ ಎರಡು?”

“ಅವಕ್ಕೂ ಇಲ್ಲ. ಮೂರೂ ಒಳಗೆ ಹೀಗೇ ಇವೆ. ನಾನು ಗೋಡೆಗೆ ಪುಟ್ಟಿ ಮೆತ್ತಿ ಬಣ್ಣ ಬಳಿದ್ರೆ ಆರು ತಿಂಗಳು ತಡೆಯುತ್ತೆ, ಆಮೇಲೆ ತೇವ ಮೇಲೆ ಬರುತ್ತೆ. ಅವತ್ತು ಅಮ್ಮನ ಎದೆ ಸಿಳ್ಳೆ ಹಾಕ್ತಿತ್ತು ಟೀಚರ್... ಈ ಗೋಡೆ ಮಧ್ಯ ಅವರು ಹೇಗೆ ಮಲಗ್ತಾರೆ?”

“ಹಾಗಂತ ಹೇಳಬೇಕಿತ್ತು!”

“ಮಾಲೀಕರ ಕೆಲಸ ಮಾಡ್ತಾ ಅವರ ಗೋಡೆನ ದೂರೋದು ಹೇಗೆ ಅಂತ...”

“ಅದಕ್ಕೆ ನನಗೆ ಸುಳ್ಳು! ತೇವ ಅಂದಿದ್ರೆ ನಾನೇ ಬೇಡ ಅಂತಿದ್ದೆ. ಬೇರೆ ಬೀದಿ ನೋಡ್ತಿದ್ದೆ. ಇಲ್ಲಿ ಇನ್ನೊಂದು ಮನೆ ಖಾಲಿಯಾದ್ರೆ ಸಿಕ್ಕೀತು ಅಂತ ಇದೇ ಬೀದಿ ಸುತ್ತಿದೆನಲ್ಲ!” ಅವಳ ದನಿ ಒಡೆಯಿತು. “ಮತ್ತೆ ಬೇರೆಯವರಿಗೆ ಬಳಿದು ಕೊಡ್ತೀರಾ? ಅವರ ಮನೇಲಿ ಕೆಮ್ಮೋರು ಇರಲ್ವಾ?”

ಅವನು ತಲೆ ತಗ್ಗಿಸಿದ. ಅವಳು ಕಣ್ಣೊರೆಸಿಕೊಳ್ಳುತ್ತ ಇಳಿದುಹೋದಳು. ಅಷ್ಟು ಸಿಟ್ಟಿನಲ್ಲೂ ಆ ತಗ್ಗಿದ ಮುಖ ಮನಸ್ಸಿನಿಂದ ಇಳಿಯಲಿಲ್ಲ...

ಎರಡು ದಿನದ ಮೇಲೆ ಅವನೇ ಶಾಲೆಯಲ್ಲಿ ವಿಳಾಸ ಕೇಳಿಕೊಂಡು ಅವರ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಒಂದು ಮನೆ ಇದೆ. ನೆಲಮಹಡಿ. ಕೆಲಸದಿಂದ ನಿವೃತ್ತರಾದ ನರ್ಸಮ್ಮ ಒಬ್ಬರದು. ನಿನ್ನೆ ಖಾಲಿಯಾಗಿದೆ, ನಾನಿನ್ನೂ ಬಣ್ಣ ಮುಟ್ಟಿಲ್ಲ. ಬಳಿಯೋ ಮೊದಲೇ ನೋಡಿ. ಬಳಿದ ಮೇಲೆ ಯಾವ ಗೋಡೆನೂ ನಿಜ ಹೇಳಲ್ಲ.”

“ಆ ಮೂರು ಮನೆ ಮಾಲೀಕರು ಸುಮ್ನಿರ್ತಾರಾ?” ಅವಳ ದನಿಯಲ್ಲಿ ಮೊನಚಿತ್ತು.

“ಮೊದಲು ನೀರು ಸೋರೋದು ನಿಲ್ಲಿಸಿ, ಆಮೇಲೆ ಬಳೀತೀನಿ ಅಂದೆ. ಬೇರೆಯವನನ್ನ ಹುಡುಕ್ಕೋತೀನಿ ಅಂದ್ರು.”

ಅವಳು ಅಮ್ಮನನ್ನು ಕರೆದಳು. ಚಪ್ಪಲಿ ಮೆಟ್ಟಿದಳು.

ಮೊಳೆಯ ತೂತು, ಎಣ್ಣೆ ಕಲೆ, ಯಾವುದೋ ಮಗು ಗೀಚಿದ ಆನೆ... ಗೋಡೆಗಳು ನೋಡಲು ಚೆಂದವಿರಲಿಲ್ಲ. ಆದರೆ ಅವಳು ಒಂದೊಂದಕ್ಕೂ ಅಂಗೈ ಒತ್ತಿ ನೋಡಿದಳು. ಒಣಗಿದ್ದವು! ಎಲ್ಲವೂ ಒಣಗಿದ್ದವು!

“ಅಡುಗೆಮನೆ ಕಿಟಕಿ ಬಿಗಿ. ನಲ್ಲಿ ಸಣ್ಣಗೆ ಬರುತ್ತೆ,” ಅವನು ಕೊರತೆಗಳನ್ನೂ ಒಪ್ಪಿಸುತ್ತಲೇ ಇದ್ದ.

ಅಮ್ಮ ಕಿಟಕಿಯ ಬಳಿ ನಿಂತು ನೀಳವಾಗಿ ಉಸಿರೆಳೆದಳು. ಸಿಳ್ಳೆಯಿಲ್ಲದ ಉಸಿರು. ಮೇಲಿನ ಮನೆಯಿಂದ ಇಳಿದುಬಂದ ನರ್ಸಮ್ಮ ಕೆಮ್ಮಿನ ವಿಷಯ ಕೇಳಿಕೊಂಡು, “ರಾತ್ರಿ ಜಾಸ್ತಿಯಾದ್ರೆ ನನ್ನ ಬಾಗಿಲು ತಟ್ಟಿ” ಎಂದು ಅಮ್ಮನನ್ನು ಹಿತ್ತಲು ತೋರಿಸಲು ಕರೆದೊಯ್ದರು.

ಅವಳು ಅವನತ್ತ ತಿರುಗಿದಳು.

“ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗಲೇ ಹೇಳಿಬಿಡಿ.”

ಅವನು ಗೋಡೆಯ ಆನೆಯತ್ತ ಮುಖ ಮಾಡಿ ಹೇಳಿದ.

“ಆ ಮೂರನೇ ಮನೆ... ಎರಡು ದಿನದ ಕೆಲಸ. ಎಂಟು ದಿನ ಎಳೆದೆ. ನೀವು ಮತ್ತೆ ಆ ಕಡೆ ಬರಬಹುದು ಅಂತ. ಬೈಯೋಕಾದ್ರೂ ಸರಿ.”

ಅವಳ ಕೆನ್ನೆ ಬಿಸಿಯಾಯಿತು. ಇಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ!

“ಇಲ್ಲಿ ಹಾಗೆ ಎಳೀಬೇಡಿ. ನಮಗಿರೋದು ಮೂರೇ ದಿನ.”

“ಮುಗಿಸ್ತೀನಿ ಟೀಚರ್. ಮುಗಿಸಿ... ಹೊರಟುಹೋಗ್ತೀನಿ.”

“ಹೋಗಿ ಅಂದೋರು ಯಾರು?” ಅವಳು ಮೆಲ್ಲಗೆ ಹೇಳಿದಳು. “ಮುಗಿದ ಮೇಲೆ... ಕೆಲಸ ಇಲ್ಲದೆಯೂ ಬನ್ನಿ.”