ದೋಣಿಸೇತುವೆಯ ದುಭಾಷಿ

ಯೂಫ್ರೆಟಿಸ್ ನದಿಯ ಪೂರ್ವ ತೀರದಲ್ಲಿ, ರೋಮಕ ಚಕ್ರವರ್ತಿಗಳು ಕಟ್ಟಿಸಿ ಕಾಲಾಂತರದಲ್ಲಿ ಕೈಬಿಟ್ಟುಹೋದ ಅಮೃತಶಿಲೆಯ ಕಂಬಸಾಲುಗಳ ನಡುವೆ, ಬೇತ್‌ನಹ್ರಾ ನಗರವು ತನ್ನ ಎರಡನೆಯ ಬಾಳನ್ನು ಬಾಳುತ್ತಿತ್ತು. ಸಾಮ್ರಾಟರ ವಿಜಯರಥಗಳು ಉರುಳಿದ ರಾಜಬೀದಿಯಲ್ಲಿ ಈಗ ಖರ್ಜೂರದ ರಾಶಿಗಳು, ಉಣ್ಣೆಯ ಕಂಬಳಿಗಳು. ವಿಗ್ರಹವಿಲ್ಲದ ಪೀಠಗಳ ಮೇಲೆ ಒಣಗಲು ಹರವಿದ ಕುರಿಚರ್ಮಗಳು. ಪ್ರಾರ್ಥನೆಗೆ ಕರೆಯಲು ಇಗರ್ಜಿಯಲ್ಲಿ ಬಡಿಯುವ ಮರದ ಹಲಗೆಯ ಸದ್ದು ನಿಂತು ಮಸೀದಿಯ ಬಾಂಗು ಏಳುವ ನಡುವಣ ನಿಶ್ಶಬ್ದದಲ್ಲಿ, ಆಚೆ ದಡದ ರೋಮಕ ಕೋಟೆಯ ಕಾವಲುಗಾರ ಕೆಮ್ಮಿದರೂ ಕೇಳಿಸುತ್ತದೆಂದು ಊರವರು ಹೇಳುತ್ತಿದ್ದರು.

ಅಮೀರ್ ಲಕೀತನ ಆಸ್ಥಾನದಲ್ಲಿ ರೋಮಕರು ಆಡುವ ಗ್ರೀಕ್ ಭಾಷೆ ಬಲ್ಲವನು ಮಾರೂಥಾ ಒಬ್ಬನೇ. ಸುರಿಯಾನಿ ಕ್ರೈಸ್ತನಾದ ಆತನನ್ನು ಅರಬರು ಶಿಲುಬೆಯವನೆಂದು ದೂರವಿಟ್ಟರೆ, ಅವನ ಪಂಥವನ್ನೊಪ್ಪದ ರೋಮಕರು ಧರ್ಮಭ್ರಷ್ಟನೆಂದು ಜರಿಯುತ್ತಿದ್ದರು. ಇಪ್ಪತ್ತಾರು ವರ್ಷ ಇಬ್ಬರ ಮಾತನ್ನೂ ಹೊತ್ತ ಆ ವಿಧುರನಿಗೆ ತನ್ನವರೆಂದು ಉಳಿದವಳು ಮಗಳು ಫೆಬ್ರೋನಿಯಾ ಮಾತ್ರ.

ಆ ವಸಂತದಲ್ಲಿ ಸೆರೆಯಾಳುಗಳ ವಿನಿಮಯಕ್ಕೆಂದು ರೋಮಕ ರಾಯಭಾರಿ ಲಿಯೋಂಟಿಯಸ್ ಬರುವವನಿದ್ದನು. ಎರಡೂ ಕಡೆ ನಲವತ್ತು ನಲವತ್ತು ಬಂಧಿಗಳು. ಆಚೆಯವರ ಸೆರೆಯಲ್ಲಿ ಅಮೀರನ ಏಕಮಾತ್ರ ಪುತ್ರ ಆಸಿಮನೂ ಇದ್ದನು. ರಾಯಭಾರಿ ಬರುವ ಮುನ್ನಾದಿನ ಮಂತ್ರಿ ಖುಜೈಮನು ದುಭಾಷಿಯನ್ನು ತನ್ನ ಉದ್ಯಾನಕ್ಕೆ ಕರೆಸಿಕೊಂಡನು.

"ಆಸಿಮ್ ತೀರಿಕೊಂಡಿದ್ದಾನೆ. ಜ್ವರವಂತೆ, ನನ್ನ ಗೂಢಚಾರರು ತಿಳಿಸಿದರು. ನಾಳೆ ರಾಯಭಾರಿ ಅದನ್ನೇ ಹೇಳುತ್ತಾನೆ. ನೀನು ಮಾತ್ರ, 'ನಾವು ಕೊಂದೆವು' ಎಂದು ಅರಬಿಯಲ್ಲಿ ಹೇಳು."

"ಮಾನ್ಯ ಮಂತ್ರಿಗಳೇ, ಹಾಗೆ ಹೇಳಿದರೆ ನಮ್ಮಲ್ಲಿರುವ ನಲವತ್ತು ಬಂಧಿಗಳ ತಲೆಗಳು ಸಂಜೆಯೊಳಗೆ ಉರುಳುತ್ತವೆ."

"ಉರುಳಲಿ. ಯುದ್ಧವಿರುವವರೆಗೆ ಸೈನ್ಯ ನನ್ನದು. ಶಾಂತಿಯಾದರೆ ನಾನು ಬರಿಯ ಕರಣಿಕ. ನಿನ್ನ ಮಗಳು ದಿನವೂ ಒಬ್ಬಳೇ ಬಾವಿಗೆ ಹೋಗುತ್ತಾಳಂತೆ, ನಿಜವೇ?"

ಮನೆಗೆ ಬಂದು ಮಾರೂಥಾ ಒಂದನ್ನೂ ಮರೆಮಾಚದೆ ಮಗಳಿಗೆ ತಿಳಿಸಿದನು. ಅವಳು, "ಅಪ್ಪಾ, ಆ ಬಂಧಿಗಳಲ್ಲಿ ಹೆಂಗಸರೂ ಇದ್ದಾರಲ್ಲವೇ?" ಎಂದಳು.

"ಒಂಬತ್ತು ಜನ."

"ಹಾಗಿದ್ದ ಮೇಲೆ ನನ್ನನ್ನೇಕೆ ಕೇಳುತ್ತೀರಿ?"

ಅಂದೇ ಅವಳನ್ನು ಬೆಟ್ಟದ ಸನ್ಯಾಸಿನಿಯರ ಮಠಕ್ಕೆ ಬಿಟ್ಟುಬಂದನು. ಮಠದ ಗೋಡೆಗಳು ಅಷ್ಟೇನೂ ಎತ್ತರವಿರಲಿಲ್ಲ.

ಮರುದಿನ ತುಂಬಿದ ಸಭೆಯಲ್ಲಿ ಲಿಯೋಂಟಿಯಸ್ ತಲೆಬಾಗಿ ನುಡಿದನು. ಮಾರೂಥಾ ಅಮೀರನತ್ತ ತಿರುಗಿದನು. "ಪ್ರಭು, ತಮ್ಮ ಕುಮಾರರು ಮಾಗಿಯ ಚಳಿಯಲ್ಲಿ ಜ್ವರದಿಂದ ಮಡಿದರು. ಉಳಿದ ಮೂವತ್ತೊಂಬತ್ತು ಜನರನ್ನೂ ಕುಮಾರರ ಅಸ್ಥಿಗಳನ್ನೂ ಗೌರವದಿಂದ ಒಪ್ಪಿಸುತ್ತೇವೆ ಎನ್ನುತ್ತಿದ್ದಾರೆ."

ಅಮೀರನ ಮುಖ ಬೂದಿಯಾಯಿತು. ಖುಜೈಮ ಎದ್ದು ನಿಂತನು. "ಸುಳ್ಳು, ಪ್ರಭು! ಅವರೇ ಕೊಂದರೆಂದು ನನ್ನ ಚಾರರ ವರದಿಯಿದೆ. ಈ ಶಿಲುಬೆಯವನು ತನ್ನ ಮತದವರನ್ನು ಉಳಿಸಿಕೊಳ್ಳುತ್ತಿದ್ದಾನೆ."

"ವಿನಿಮಯವಾಗಲಿ, ಪ್ರಭು," ಎಂದನು ಮಾರೂಥಾ. "ಮೊದಲು ಬರುವ ನಮ್ಮ ಬಂಧಿಯನ್ನೇ ಕೇಳಿ ನೋಡಿ. ಅಲ್ಲಿಯವರೆಗೆ ಸೇತುವೆಯ ನಡುವೆ ನಾನೇ ಒತ್ತೆಯಾಗಿ ನಿಲ್ಲುತ್ತೇನೆ. ನನ್ನ ಮಾತು ಸುಳ್ಳಾದರೆ ತಲೆ ತಮ್ಮದು."

ಅಮೀರನು ಕೈಯೆತ್ತಿ ಸಮ್ಮತಿಸಿದನು.

ಮಧ್ಯಾಹ್ನ ದೋಣಿಗಳನ್ನು ಸರಪಳಿಯಿಂದ ಬಿಗಿದ ಸೇತುವೆಯ ಮೇಲೆ ವಿನಿಮಯ ಆರಂಭವಾಯಿತು; ಅತ್ತಣಿಂದ ಒಬ್ಬ ಹೊರಟಾಗ ಇತ್ತಣಿಂದ ಒಬ್ಬ. ಮೊದಲು ದಾಟಿದ ವೃದ್ಧ ಸಾಲಿಹ್ ಅಮೀರನ ಕಾಲಿಗೆ ಬಿದ್ದು, "ನನ್ನ ಮಡಿಲಲ್ಲೇ ಪ್ರಾಣ ಬಿಟ್ಟರು, ಒಡೆಯಾ. ಜ್ವರ. ಅವರ ವೈದ್ಯನೂ ಅತ್ತನು," ಎಂದನು. ಅಮೀರನ ದೃಷ್ಟಿ ನಿಧಾನವಾಗಿ ಮಂತ್ರಿಯತ್ತ ಹೊರಳಿತು. ಖುಜೈಮ ಇನ್ನು ಕಾಯಲಿಲ್ಲ. ಕಾವಲುಗೋಪುರದಲ್ಲಿದ್ದ ತನ್ನ ಬಿಲ್ಲಾಳಿಗೆ ಸನ್ನೆ ಮಾಡಿದನು.

ಬಾಣ ತಗುಲಿದ್ದು ಆಗಷ್ಟೇ ಮಾರೂಥಾನನ್ನು ದಾಟಿ ಹೋಗುತ್ತಿದ್ದ ರೋಮಕ ಹೆಂಗಸಿಗೆ. ಆಚೆ ದಡದಲ್ಲಿ ಕಹಳೆ ಕೂಗಿತು. ರೋಮಕರು ಹೊರಟಿದ್ದ ಬಂಧಿಗಳನ್ನು ಒಳಕ್ಕೆಳೆದುಕೊಂಡು ಕೋಟೆಯ ಬಾಗಿಲು ಮುಚ್ಚತೊಡಗಿದರು.

"ಬಾ, ದುಭಾಷಿ! ಇಪ್ಪತ್ತೇ ಹೆಜ್ಜೆ, ಓಡಿ ಬಾ!" ಆಚೆ ದಡಕ್ಕೆ ಮರಳಿದ್ದ ಲಿಯೋಂಟಿಯಸ್ ಗ್ರೀಕಿನಲ್ಲಿ ಕೂಗಿದನು.

ಇಪ್ಪತ್ತು ಹೆಜ್ಜೆ ದಾಟಿದರೆ ಜೀವವಿತ್ತು. ಆದರೆ ಓಡಿಹೋದವನ ಮಾತನ್ನು ಯಾರು ನಂಬುವರು? ಈ ದಡದಲ್ಲಿ ಸಾಲಾಗಿ ನಿಂತಿದ್ದ ಬಂಧಿಗಳ ಬೆನ್ನ ಹಿಂದೆ ಆಗಲೇ ಕತ್ತಿಗಳನ್ನು ಹಿರಿದಾಗಿತ್ತು. ಮಾರೂಥಾ ತನ್ನ ಊರಿನ ಕಡೆಗೆ ತಿರುಗಿ, ಎರಡೂ ಕೈಗಳನ್ನು ಮೇಲೆತ್ತಿ ನಡೆಯುತ್ತ, ಯಾರ ಮಾತನ್ನೂ ಅನುವಾದಿಸದೆ ತನ್ನದೇ ಮಾತನ್ನು ಕೂಗಿ ಹೇಳಿದನು: "ಬಾಣ ನಮ್ಮ ಗೋಪುರದಿಂದ ಬಂತು! ನಮ್ಮ ಗೋಪುರದಿಂದ!"

ಎರಡನೆಯ ಬಾಣಕ್ಕೆ ಅವನು ಕುಸಿದನು.

"ದ್ರೋಹಿ ಓಡುತ್ತಿದ್ದನು, ನನ್ನವರು ತಡೆದರು," ಎಂದನು ಖುಜೈಮ.

ಅಮೀರನು ತಾನೇ ಸೇತುವೆಯ ಮೇಲೆ ನಡೆದುಹೋಗಿ ಶವದ ಪಕ್ಕದಲ್ಲಿ ಮಂಡಿಯೂರಿದನು. "ಓಡುವವನಿಗೆ ಗಾಯ ಬೆನ್ನಿನಲ್ಲಿರುತ್ತದೆ, ಖುಜೈಮ. ಇವನಿಗೆ ಎದೆಯಲ್ಲಿದೆ." ಬಂಧಿಗಳ ಮೇಲೆ ಯಾರೂ ಕೈಮಾಡಕೂಡದೆಂದು ಆಜ್ಞೆಯಾಯಿತು. ಆ ಒಂದು ಆಜ್ಞೆ ನಡೆಯಿತು. ಮಂತ್ರಿಯನ್ನು ಬಂಧಿಸಿರೆಂಬ ಆಜ್ಞೆಗೆ ಮಾತ್ರ ಒಬ್ಬ ಸೈನಿಕನೂ ಕದಲಲಿಲ್ಲ. ಮೂರು ಸಾವಿರ ಈಟಿಗಳು ಖುಜೈಮನ ಕುಲದವರ ಕೈಯಲ್ಲಿದ್ದವು. ಸಂಜೆಯ ಹೊತ್ತಿಗೆ ಅವರೇ ದೋಣಿಗಳಿಗೆ ಬೆಂಕಿಯಿಟ್ಟರು. ಉಳಿದ ಬಂಧಿಗಳು ಮತ್ತೆಂದೂ ತಮ್ಮ ದಡವನ್ನು ಕಾಣಲಿಲ್ಲ.

ಹೊಗೆ ಕವಿದ ಬೀದಿಯನ್ನು ಹಾದು ಫೆಬ್ರೋನಿಯಾ ತಂದೆಯ ದೇಹವನ್ನು ಬೇಡಲು ಸಭೆಗೆ ಬಂದಳು. ಅಮೀರನು ಆಸನದಿಂದಿಳಿದು ಅವಳೆದುರು ನಿಂತನು.

"ನಿನ್ನ ತಂದೆ ನನಗೆ ಒಂದು ಸುಳ್ಳನ್ನೂ ಹೇಳಲಿಲ್ಲ, ತಾಯಿ."

"ನನಗದು ಗೊತ್ತಿತ್ತು, ಪ್ರಭು," ಎಂದಳು ಅವಳು. "ತಮಗೆ ಗೊತ್ತಾಗಲೆಂದು ಅವರು ಸತ್ತರು."

ಆ ಸಂಜೆ ಸುರಿಯಾನಿಗಳ ಸ್ಮಶಾನದವರೆಗೆ ಚಟ್ಟದ ಹಿಂದೆ ನಡೆದವರು ಇಬ್ಬರೇ: ಮಗಳು, ಮತ್ತು ಬರಿಗಾಲಿನ ಅಮೀರ.