ಮದರ್‌ಬೋರ್ಡ್ ಬರುವವರೆಗೆ

ಅವಳು ಮೊದಲ ಸಲ ಅಂಗಡಿಗೆ ಬಂದಾಗ ಹಳೇ ಗೇಮಿಂಗ್ ಕಂಪ್ಯೂಟರೊಂದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡಿದ್ದಳು. ಕೌಂಟರ್ ಮೇಲಿಟ್ಟು ಉಸ್ಸೆಂದು ಉಸಿರು ಬಿಟ್ಟಳು.

"ಇದಕ್ಕೆ ಇನ್ನೂ ಜೀವ ಇದೆಯಾ ನೋಡಿ."

ರಿಪೇರಿಯವನು ತುಟಿಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆದು ಪಕ್ಕಕ್ಕಿಟ್ಟ. "ಎಷ್ಟು ವರ್ಷ ಆಯ್ತು?"

"ಎಂಟು. ಕಾಲೇಜಲ್ಲಿದ್ದಾಗ ತಗೊಂಡಿದ್ದು. ಬಸ್ ಓಡಿಸೋ ಗೇಮ್ ಒಂದಿದೆ. ಈಗ ನಿಂತು ನಿಂತು ಹೋಗುತ್ತೆ."

"ಬಸ್ಸು ನಿಂತು ನಿಂತೇ ಅಲ್ವಾ ಹೋಗೋದು?"

ಅವಳು ತಲೆಯೆತ್ತಿದಳು. ಪಕ್ಕದ ಬೀದಿಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳು. ಎದುರಿಗಿರುವವರ ಕಣ್ಣನ್ನೇ ನೆಟ್ಟಗೆ ನೋಡುವುದು ಅವಳಿಗೆ ದಿನದ ಕೆಲಸ. ಹಾಗೆ ನೋಡಿಸಿಕೊಂಡು ಇವನಿಗೆ ಅಭ್ಯಾಸವಿರಲಿಲ್ಲ. ನಗಬಾರದೆಂದು ಅವಳು ತುಟಿ ಬಿಗಿಹಿಡಿದಳು, ನಗು ಕಣ್ಣಂಚಿನಿಂದ ಜಾರಿಕೊಂಡಿತು. ಇವನಿಗೆ ಅಷ್ಟೇ ಸಾಕಾಯಿತು, ಮನುಷ್ಯ ಅಲ್ಲೇ ಬಿದ್ದ.

ಮೊದಲ ಕೆಲವು ದಿನ ಅವನು ಹೇಳಿದ್ದೆಲ್ಲ ನಿಜವೇ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಹಳೇ ಪವರ್ ಸಪ್ಲೈಗೆ ತಡೆಯುವ ಶಕ್ತಿಯಿಲ್ಲ. ಅದನ್ನು ಬದಲಿಸಿದರೆ ಕಾರ್ಡಿನ ಉದ್ದಕ್ಕೆ ಕ್ಯಾಬಿನೆಟ್ ಸಾಲದು. ಒಂದೊಂದಕ್ಕೂ ಒಪ್ಪುವಂಥದ್ದನ್ನು ಹುಡುಕಿ ಜೋಡಿಸಬೇಕು. ಪ್ರತಿ ಸಲವೂ ಅವಳು ಕೆಲಸ ಮುಗಿಸಿ ಸಂಜೆ ಬಂದು, ಸ್ಟೂಲ್ ಎಳೆದುಕೊಂಡು ಕೂತು ನೋಡುತ್ತಿದ್ದಳು.

"ಇಷ್ಟೊಂದು ಬಿಂಕನಾ ಇವಕ್ಕೆ?"

"ಒಳಗಿರೋವಕ್ಕೆ ಬಿಂಕ ಜಾಸ್ತಿ. ಹೊರಗಿರೋರು ಪಾಪ, ಏನು ಹೇಳಿದ್ರೂ ಒಪ್ಕೊಳ್ತಾರೆ."

"ಹೊರಗಿರೋರಿಗೆ ಮೊದಲು ಕಣ್ಣು ಸರಿ ಮಾಡಿಸ್ಬೇಕು. ಸ್ಕ್ರೂನ ಮೂಗಿಗೆ ತಾಗಿಸ್ಕೊಂಡು ನೋಡ್ತಿದೀರ." ಅವಳು ಗೋಡೆಯ ಕ್ಯಾಲೆಂಡರ್ ತೋರಿಸಿದಳು. "ಕೊನೇ ಸಾಲು ಓದಿ ನೋಡೋಣ."

ಅವನು ತಪ್ಪು ತಪ್ಪಾಗಿ ಓದಿದ. ಅವಳು ನಕ್ಕಳೆಂದು ಇನ್ನಷ್ಟು ತಪ್ಪು ಓದಿದ.

ಕೊನೆಗೆ ಉಳಿದದ್ದು ಪ್ರೊಸೆಸರ್ ಒಂದೇ. ಹೊಸದು ಹಳೇ ಮದರ್‌ಬೋರ್ಡಿನಲ್ಲೇ ಸರಿಯಾಗಿ ಕೂರುತ್ತಿತ್ತು. ಬೋರ್ಡಿನೊಳಗಿನ ಸಾಫ್ಟ್‌ವೇರ್ ಒಂದನ್ನು ಹೊಸದು ಮಾಡಿಕೊಂಡರಾಯಿತು, ಇಪ್ಪತ್ತು ನಿಮಿಷದ ಕೆಲಸ. ಆದರೆ ಅದು ಮುಗಿದರೆ ಅವಳು ಕಂಪ್ಯೂಟರ್ ಎತ್ತಿಕೊಂಡು ಹೋಗುತ್ತಾಳೆ, ಮತ್ತೆ ಬರುವುದಕ್ಕೆ ಕಾರಣವೇ ಇರುವುದಿಲ್ಲ. "ಬನ್ನಿ" ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಹೇಡಿಗೆ ಸುಳ್ಳು ಸುಲಭ.

"ಈ ಬೋರ್ಡ್ ಹೊಸ ಪ್ರೊಸೆಸರನ್ನ ಒಪ್ಪಲ್ಲ," ಎಂದ. "ಬೇರೆ ತರಿಸ್ಬೇಕು. ಮೂರು ವಾರ ಆಗುತ್ತೆ."

ಅವಳ ಮುಖ ಸಪ್ಪಗಾಯಿತು. "ಅಷ್ಟು ದಿನಾನಾ? ಅಲ್ಲಿವರೆಗೆ ಹಳೇದನ್ನೇ ಹಾಕಿ ಕೊಡೋಕಾಗಲ್ವಾ?"

"ಎಲ್ಲಾ ಬಿಚ್ಚಿಬಿಟ್ಟಿದೀನಲ್ಲ." ಇದು ಎರಡನೇ ಸುಳ್ಳು. "ಯಾರು ಆಡೋದು? ತಮ್ಮನಾ?"

"ನಮ್ಮನೇಲಿ ಒಬ್ರು," ಎಂದಷ್ಟೇ ಹೇಳಿ ಎದ್ದು ಹೋದಳು.

ಆಮೇಲಿನ ದಿನಗಳಷ್ಟು ಸುಖವನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ದಿನ ಬಿಟ್ಟು ದಿನ ಅವಳು ಬಂದು, "ಬಂತಾ?" ಅನ್ನುತ್ತಿದ್ದಳು. ಇವನು, "ಇನ್ನೂ ಇಲ್ಲ," ಅನ್ನುತ್ತಿದ್ದ. ಬಂದವಳು ಅರ್ಧ ಗಂಟೆ ಕೂತು, ಕನ್ನಡಕ ಕೊಳ್ಳಲು ಬಂದು ಕನ್ನಡಿಯನ್ನೇ ಬಿಡದವರ ಕಥೆ ಹೇಳುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅವಳು ಬಂದಾಗಲೆಲ್ಲ ಇವನ ಕಣ್ಣು ಮೇಲಿನ ಶೆಲ್ಫಿನಲ್ಲಿದ್ದ ಆ ಕ್ಯಾಬಿನೆಟ್ ಕಡೆಗೇ ಓಡುತ್ತಿತ್ತು. ಅಂಗಡಿಯ ಯಜಮಾನ ಇವನ ಸೋದರಮಾವ. ಮಾವ ಎಲ್ಲವನ್ನೂ ನೋಡಿ, ನೋಡದವನಂತೆ ಬಿಲ್ ಬರೆಯುತ್ತಿದ್ದ.

ಮೂರನೇ ವಾರದ ಕೊನೆಗೆ ಬಂದವಳು ಸ್ಟೂಲ್ ಎಳೆದುಕೊಳ್ಳಲಿಲ್ಲ. ಕಣ್ಣು ಊದಿಕೊಂಡಿತ್ತು.

"ಇವತ್ತಾದ್ರೂ ಬಂತಾ?"

"ಏನಾಯ್ತು?"

"ನಮ್ಮಪ್ಪ ಮೂವತ್ತು ವರ್ಷ ಸಿಟಿ ಬಸ್ ಓಡಿಸ್ದೋರು. ಹೋದ ವರ್ಷ ಸ್ಟ್ರೋಕ್ ಆಗಿ ಬಲಗೈ ಹೋಯ್ತು. ಹಿಸುಕಿ ಅಂತ ಡಾಕ್ಟರ್ ರಬ್ಬರ್ ಚೆಂಡು ಕೊಟ್ರೆ, ನಾನೇನು ಮಗುನಾ ಅಂತ ಎಸೆದ್ರು. ಕೊನೆಗೆ ಈ ಕಂಪ್ಯೂಟರಿಗೆ ಒಂದು ಸ್ಟೇರಿಂಗ್ ಹಾಕಿಕೊಟ್ಟೆ. ದಿನಾ ಬೆಳಿಗ್ಗೆ ಕೂತು ಬಸ್ ಓಡಿಸೋರು. ಬೆರಳು ಒಂದೊಂದೇ ಬಿಗಿ ಬಿಡ್ತಾ ಬಂತು, ಲೋಟ ಹಿಡಿಯೋ ಹಾಗಾಗಿದ್ರು." ಅವಳು ಶೆಲ್ಫಿನ ಕಡೆ ನೋಡಿದಳು. "ಈಗ ಮೂರು ವಾರದಿಂದ ಕೈ ಎತ್ತೇ ಇಲ್ಲ. ಬೆರಳು ಮತ್ತೆ ಬಿಗಿದುಕೊಂಡಿದೆ ಅಂತ ನಿನ್ನೆ ಡಾಕ್ಟರ್ ಅಂದ್ರು. ಲೋಟನೂ ಹಿಡಿಯೋಕಾಗ್ತಿಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೊರಗೆ ಯಾರಿಗೂ ಹೇಳೋದು ಅಪ್ಪನಿಗೆ ಇಷ್ಟ ಇಲ್ಲ. ಆದ್ರೂ, ಹೇಳಿದ್ರೆ ಬೋರ್ಡ್ ಬೇಗ ಬರ್ತಿತ್ತಾ?"

ಅವನು ಮೇಲಿನ ಶೆಲ್ಫಿನಿಂದ ಕ್ಯಾಬಿನೆಟ್ ಇಳಿಸಿದ. "ನಾಳೆ ಬೆಳಿಗ್ಗೆ ನಾನೇ ಮನೆಗೆ ತಂದು ಜೋಡಿಸಿಕೊಡ್ತೀನಿ," ಎಂದ.

ಅವಳು ಹೋದ ಮೇಲೆ ಮಾವ ಪೆನ್ನು ಕೆಳಗಿಟ್ಟ. "ಬೋರ್ಡ್ ಬಂತು ಅಂತ ಹೇಳಿ ಕೈ ತೊಳ್ಕೋ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಸ್ಸು ಕಣೋ."

"ಆ ದೊಣ್ಣೆ ಅವ್ರಪ್ಪನ ಕೈ ಮೇಲೆ ಬಿದ್ದಾಗಿದೆ, ಮಾವ."

ಅವಳ ಮನೆ ಮೂರನೇ ಮಹಡಿಯಲ್ಲಿತ್ತು. ಎರಡೇ ಕೋಣೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಇವನ ಕಡೆ ತಿರುಗಿಯೂ ನೋಡಲಿಲ್ಲ. ಇವನು ವೈರು ಸಿಕ್ಕಿಸಿ, ಸ್ಟೇರಿಂಗನ್ನು ಮೇಜಿಗೆ ಬಿಗಿದು, ಗೇಮ್ ಶುರುಮಾಡಿದ. ಪರದೆಯ ಮೇಲೆ ಬಸ್ಸು ಎಲ್ಲೂ ತಡವರಿಸದೆ ಹೊರಟಿತು. ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಸ್ಟೇರಿಂಗ್ ಮೇಲಿಟ್ಟುಕೊಂಡ. ಮೊದಲ ತಿರುವಿನಲ್ಲೇ ಬೆರಳು ಜಾರಿತು. ಬಸ್ಸು ಫುಟ್‌ಪಾತಿಗೆ ಹತ್ತಿತು. ಮತ್ತೆ ಇಟ್ಟುಕೊಂಡ, ಮತ್ತೆ ಜಾರಿತು. ಮೂವತ್ತು ವರ್ಷ ಒಂದು ಗೀರೂ ಬೀಳಿಸದ ಡ್ರೈವರ್ ಹಲ್ಲು ಕಚ್ಚಿಕೊಂಡು ನಾಲ್ಕನೇ ಸಲ ಕೈ ಎತ್ತಿದ್ದನ್ನು ಇವನಿಂದ ನೋಡಲಾಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅವಳು ಟೀ ಲೋಟ ಹಿಡಿದು ನಿಂತಿದ್ದಳು. ಕೊಡುವಾಗ ಅವಳ ಬೆರಳು ಇವನ ಬೆರಳಿಗೆ ತಾಗಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ.

"ಒಂದು ಮಾತು ಹೇಳ್ಲಾ?" ಅವಳ ದನಿ ತಗ್ಗಿತ್ತು. "ಬೋರ್ಡ್ ಬೇಗ ಬರ್ಲಿ ಅಂತ ಕಾಯ್ತಿದ್ದೆ ನಿಜ. ಆದ್ರೆ ಒಂದೊಂದು ಸಂಜೆ, ಇವತ್ತೊಂದು ದಿನ ಬರದೇ ಇರ್ಲಿ ಅನ್ನಿಸ್ತಿತ್ತು. ಬಂದ್ಬಿಟ್ರೆ ನಿಮ್ಮಂಗಡಿಗೆ ಯಾವ ನೆಪ ಹೇಳ್ಕೊಂಡು ಬರ್ಲಿ? ಮನೆಗೆ ಬಂದು ಅಪ್ಪನ ಕೈ ನೋಡಿದ್ರೆ ನನ್ನ ಮೇಲೆ ನನಗೇ ಅಸಹ್ಯ ಆಗೋದು."

ಯಾವ ಮಾತಿಗಾಗಿ ಮೂರು ವಾರ ಹಂಬಲಿಸಿದ್ದನೋ ಅದೇ ಮಾತು ಈಗ ಕಿವಿಗೆ ಬಿತ್ತು. ಅವಳ ಕಣ್ಣಲ್ಲಿ ನಾಚಿಕೆಯಿತ್ತು, ಪ್ರೀತಿಯಿತ್ತು, ಜೊತೆಗೆ ತನ್ನದಲ್ಲದ ತಪ್ಪಿನ ನೋವೂ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಅವನದಾಗುತ್ತಿತ್ತು. ಆದರೆ ಆ ನೋವನ್ನು ಅವಳ ತಲೆಗೆ ಕಟ್ಟಿ ಸುಮ್ಮನಿರಲು ಅವನಿಂದಾಗಲಿಲ್ಲ.

"ನಿಮ್ಮ ತಪ್ಪು ಏನೂ ಇಲ್ಲ. ಬೋರ್ಡ್ ಬಂದೇ ಇಲ್ಲ, ಬರಬೇಕಾಗೂ ಇರ್ಲಿಲ್ಲ. ಇದು ಅದೇ ಹಳೇ ಬೋರ್ಡು. ಇಪ್ಪತ್ತು ನಿಮಿಷದ ಕೆಲಸ ಇತ್ತು. ನೀವು ಬರೋದು ನಿಂತುಹೋಗುತ್ತೆ ಅಂತ ನಾನು ಸುಳ್ಳು ಹೇಳ್ದೆ."

ಪಕ್ಕದ ಕೋಣೆಯಲ್ಲಿ ಬಸ್ಸು ಮತ್ತೆ ಎಲ್ಲಿಗೋ ಗುದ್ದಿದ ಸದ್ದು ಕೇಳಿಸಿತು.

"ಬನ್ನಿ ಅಂದಿದ್ರೆ ಬರ್ತಿದ್ನಲ್ಲ," ಎಂದಳು. ಕಣ್ಣೀರು ಕೆನ್ನೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. "ಒಂದು ಮಾತು ಬನ್ನಿ ಅನ್ನೋಕೆ ನಿಮಗೆ ಅಪ್ಪನ ಕೈ ಬೇಕಾಯ್ತಾ?"

"ನಾನು..."

"ಹೋಗಿ. ಇನ್ನು ಮೂರು ವಾರ ನನ್ನ ಕಣ್ಣಿಗೆ ಬೀಳ್ಬೇಡಿ. ಆಮೇಲೆ ಬಂದು ಅಪ್ಪನ ಕೈ ನೋಡಿ. ಅದು ಮೊದಲಿನ ಹಾಗೆ ಆಗದೇ ಇದ್ರೆ, ಮತ್ತೆ ಈ ಮೆಟ್ಲು ಹತ್ತಬೇಡಿ."

ಅವನು ಪೂರ್ತಿ ಮೂರು ವಾರ ಕಾದ. ಕನ್ನಡಕದಂಗಡಿಯ ಬೀದಿಗೆ ಕಾಲಿಡಲಿಲ್ಲ. ಅಂಗಡಿಯಲ್ಲಿ ಯಾರಾದರೂ "ಎಷ್ಟು ದಿನ ಆಗುತ್ತೆ?" ಎಂದರೆ ಗಂಟೆ ಲೆಕ್ಕದಲ್ಲಿ ಹೇಳಿ, ಅಷ್ಟರೊಳಗೇ ಮುಗಿಸಿ ಕೊಡುತ್ತಿದ್ದ. ಮಾವ ಒಮ್ಮೆ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಇವನ ಮುಖ ನೋಡಿ ಮತ್ತೆ ಬಿಲ್ ಬರೆಯತೊಡಗಿದ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದ. ಒಳಗೆ ಯಾರೋ ಕಾಲೆಳೆದುಕೊಂಡು ಬಂದು ನಿಂತರು. ಚಿಲಕ ಒಂದಿಷ್ಟು ಸರಿದು ನಿಂತಿತು. ಮತ್ತೊಂದಿಷ್ಟು ಸರಿಯಿತು.

"ನಾನು ತೆಗೀಲಾ ಅಪ್ಪ?" ಅವಳ ದನಿ.

"ನೀನು ಸುಮ್ನಿರು."

ಎಷ್ಟೋ ಹೊತ್ತಿನ ಮೇಲೆ ಚಿಲಕ ಪೂರ್ತಿ ಕಳಚಿತು. ಬಾಗಿಲು ತೆರೆದಾಗ ಹಿಡಿಯ ಮೇಲಿದ್ದದ್ದು ಅಪ್ಪನ ಬಲಗೈ. ಬೆರಳುಗಳು ನಡುಗುತ್ತಿದ್ದವು, ಆದರೂ ಹಿಡಿದುಕೊಂಡಿದ್ದವು.

ಅಪ್ಪ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇವನೇನಮ್ಮ, ಆ ಬೋರ್ಡು?" ಎಂದು ಮಗಳನ್ನು ಕೇಳಿ, ಉತ್ತರಕ್ಕೂ ಕಾಯದೆ ನಿಧಾನವಾಗಿ ಒಳಗೆ ನಡೆದ.

ಅವಳು ಬಾಗಿಲಿಗೆ ಅಡ್ಡ ನಿಂತಳು. "ನಂಗಿನ್ನೂ ಸಿಟ್ಟು ಹೋಗಿಲ್ಲ."

"ಗೊತ್ತು."

"ಯಾವಾಗ ಹೋಗುತ್ತೋ ಅದೂ ಗೊತ್ತಿಲ್ಲ."

"ಹೋಗೋವರೆಗೂ ಬರ್ತೀನಿ."

"ಏನು ನೆಪ ಹೇಳ್ಕೊಂಡು?"

"ನೆಪ ಏನೂ ಇಲ್ಲ. ನಿಮ್ಮನ್ನ ಇಷ್ಟಪಡ್ತೀನಿ. ನೋಡ್ಬೇಕು ಅನ್ನಿಸುತ್ತೆ, ಅದಕ್ಕೆ ಬರ್ತೀನಿ."

ಅವಳು ನಗಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅವನು ಒಳಗೆ ಬರುವಷ್ಟು ಜಾಗ ಬಿಟ್ಟು ನಿಂತಳು.